ಕಾಯುವ ಶಕ್ತಿ: ನಮ್ಮ ಮೂರು ತಾಲೂಕಿನ ಅಡಿಕೆಯ ನೂರು ವರ್ಷದ ಲೆಕ್ಕ

ಕೊನೆಕೊಯ್ಲು ಶುರುವಾದ್ರೆ ಮತ್ತೆ ಬರೆಯೋಕೆ ಪುರುಸೊತ್ತು ಸಿಗೋದಿಲ್ಲ, ಹಾಗಾಗಿ ಈಗಲೇ ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಸಮಾಧಾನದಲ್ಲಿ ಓದಿ.

ಈ ಸಲ ನಮ್ಮ ಕಡೆ ಸುಮಾರು ಜನ ಹಸಿ ಅಡಿಕೆಯನ್ನೇ ಮನೆ ಬಾಗಿಲಲ್ಲಿ ಕೊಟ್ಟುಬಿಡೋ ವಿಚಾರದಲ್ಲಿದ್ದಾರೆ. ಆಳಿಲ್ಲ, ಸುಲಿಯೋಕೆ ಜನ ಸಿಗೋದಿಲ್ಲ, ಬೇಯಿಸಿ ಒಣಗಿಸೋ ರಗಳೆ ಬೇಡ, ದುಡ್ಡು ಕೂಡ್ಲೇ ಕೈಗೆ ಬರ್ತದೆ. ಅವರು ಹೇಳೋದ್ರಲ್ಲಿ ಸುಳ್ಳೇನೂ ಇಲ್ಲ. ಆದ್ರೆ ಹಿಂದೆ ಒಂದು ಕಾಲದಲ್ಲಿ ನಮ್ಮ ಅಜ್ಜಂದಿರ ಅಡಿಕೆಯೂ ಹಾಗೇ ಮನೆ ಬಾಗಿಲಲ್ಲೇ ಹೋಗ್ತಿತ್ತು. ಅದರಿಂದ ಹೊರಗೆ ಬರೋಕೆ ಅವರು ಬಹಳ ಕಷ್ಟಪಟ್ಟರು. ಆ ಕಥೆ ಗೊತ್ತಿದ್ದು ಕೊಡೋದು ಬೇರೆ, ಗೊತ್ತಿಲ್ಲದೆ ಕೊಡೋದು ಬೇರೆ.

ಬಡ ದೇಶ, ಹಿಂದುಳಿದ ದೇಶ ಅಂತ ಪೇಪರಿನಲ್ಲಿ ಓದ್ತೇವೆ. ಅಲ್ಲಿ ಉದ್ಯಮ ಬೆಳೆಸಬೇಕು, ಬಂಡವಾಳ ತರಬೇಕು ಅಂತ ದೊಡ್ಡವರು ಮಾತಾಡ್ತಾರೆ. ನನ್ನ ಲೆಕ್ಕದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರವೂ ನೂರು ವರ್ಷದ ಹಿಂದೆ ಹಾಗೇ ಒಂದು ಬಡ ದೇಶ. ಬೆಳೆ ಇತ್ತು, ಬೆಳೆಯೋ ವಿದ್ಯೆ ಇತ್ತು, ದೂರದ ಪೇಟೆಯಲ್ಲಿ ಗಿರಾಕಿಯೂ ಇದ್ದ. ಆದ್ರೂ ಬಡತನ ಹೋಗಿರ್ಲಿಲ್ಲ. ಯಾಕೆ ಅನ್ನೋದು ನೋಡಬೇಕಾದ್ದು.

ನಮ್ಮ ತೋಟ ನಿನ್ನೆ ಮೊನ್ನೆಯದಲ್ಲ. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹೋದಾಗ ಯಲ್ಲಾಪುರ, ಸೋಂದಾ, ಶಿರಸಿ ಸೀಮೆಯ ಅಡಿಕೆ ಮೆಣಸಿನ ತೋಟ ನೋಡಿ ಬರೆದಿಟ್ಟಿದ್ದಾನೆ. ಕಣಿವೆಯಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಏಲಕ್ಕಿ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯ್ತು. ಕಾಡಿನ ಕಾಯಿದೆ ಬಂದ ಮೇಲೂ ತೋಟಕ್ಕೆ ಸೊಪ್ಪಿನ ಬೆಟ್ಟದ ಹಕ್ಕು ಉಳೀತು. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅನ್ನೋ ಲೆಕ್ಕ ಈಗಿನ ಹುಡುಗರಿಗೂ ಗೊತ್ತು. ಅಂದ್ರೆ ಬೆಳೆ ಬೆಳೆಯೋದ್ರಲ್ಲಿ ನಾವು ಯಾರಿಗೂ ಕಮ್ಮಿ ಇರ್ಲಿಲ್ಲ.

ಆದ್ರೆ ಜನಗಣತಿ ತೆಗೆದು ನೋಡಿ. ಉತ್ತರ ಕನ್ನಡ ಜಿಲ್ಲೆಯಲ್ಲಿ 1901ರಲ್ಲಿ ಸುಮಾರು 4 ಲಕ್ಷ 54 ಸಾವಿರ ಜನ ಇದ್ದರು. 1921ಕ್ಕೆ ಅದು 4 ಲಕ್ಷದ ಆಸುಪಾಸಿಗೆ ಇಳಿದಿತ್ತು. ಇಪ್ಪತ್ತು ವರ್ಷದಲ್ಲಿ ಜನಸಂಖ್ಯೆ ಏರೋದು ಬಿಟ್ಟು ಇಳೀತು ಅಂದ್ರೆ ಯೋಚನೆ ಮಾಡಿ. ಘಟ್ಟದ ಮೇಲೆ ಚಳಿಜ್ವರ ಮನೆ ಮನೆ ಖಾಲಿ ಮಾಡ್ತು. 1918ರ ಇನ್‌ಫ್ಲುಯೆಂಜಾ ಬೇರೆ ಬಂತು. ದುಡಿಯೋ ಕೈ ಕಮ್ಮಿಯಾಗಿ ತೋಟ ಹಾಳುಬಿತ್ತು. ಈಗ ಕಾಡಿನ ಮಧ್ಯೆ ಅಲ್ಲಲ್ಲಿ ಕಾಣೋ ಹಾಳು ಮನೆಕಟ್ಟು, ಮುಚ್ಚಿಹೋದ ಬಾವಿಗಳಲ್ಲಿ ಎಷ್ಟೋ ಆ ಕಾಲದವು.

ಅಂಥ ಕಾಲದಲ್ಲಿ ತೋಟಿಗನ ವರ್ಷ ಹೇಗೆ ತಿರುಗ್ತಿತ್ತು ಅಂತ ನೋಡುವಾ. ಫಸಲು ಬರೋದು ವರ್ಷಕ್ಕೆ ಒಂದು ಸಲ. ಖರ್ಚು ಹನ್ನೆರಡು ತಿಂಗಳೂ. ಮಳೆಗಾಲದಲ್ಲಿ ಅಕ್ಕಿ, ಉಪ್ಪು, ಬಟ್ಟೆ, ಎಣ್ಣೆ. ಕೊಳೆರೋಗಕ್ಕೆ ಕೊಟ್ಟೆ ಕಟ್ಟೋ ಖರ್ಚು. ಮಗಳ ಮದುವೆ, ಮಗನ ಉಪನಯನ, ಜ್ವರಕ್ಕೆ ಔಷಧಿ. ಇದಕ್ಕೆಲ್ಲ ದುಡ್ಡು ಕೊಡ್ತಿದ್ದವ ಪೇಟೆಯ ಸಾವ್ಕಾರ. ಕೊಡೋವಾಗ ಬಡ್ಡಿಯ ಜೊತೆ ಒಂದು ಮಾತೂ ಇರ್ತಿತ್ತು: ಅಡಿಕೆ ನಮ್ಮಲ್ಲಿಗೇ ಬರಬೇಕು. ಕೊಯ್ಲು ಮುಗಿಯೋದಕ್ಕೂ ಕಂದಾಯ ಕಟ್ಟೋದಕ್ಕೂ ಹೆಚ್ಚು ದಿನ ಅಂತರ ಇರ್ತಿರ್ಲಿಲ್ಲ. ಎಲ್ಲರ ಅಡಿಕೆಯೂ ಒಟ್ಟಿಗೇ ಪೇಟೆಗೆ ಬಂದು ದರ ಬೀಳ್ತಿತ್ತು. ಬಿದ್ದ ದರದಲ್ಲೇ ಕೊಡಬೇಕು, ಯಾಕಂದ್ರೆ ಸಾಲ ತಗೊಂಡಾಗಿದೆ. ತೂಕ ಅವನದೇ, ಪಟ್ಟಿ ಅವನದೇ. ತೂಕದ ಮೇಲೆ ಧರ್ಮಾದಾಯ, ಹಮಾಲಿ, ಸೂಟು ಅಂತ ಮುರಿತ. ಆಗಿನ ನಮ್ಮ ದೇಶದ ಎಷ್ಟೋ ಪೇಟೆಗಳಲ್ಲಿ ದಲಾಲಿಗಳು ಬಟ್ಟೆಯ ಅಡಿಯಲ್ಲಿ ಬೆರಳು ಮುಟ್ಟಿ ದರ ಮಾತಾಡ್ತಿದ್ದರು. ಮಾಲಿನ ಯಜಮಾನ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ದರ ಗೊತ್ತಾಗ್ತಿರ್ಲಿಲ್ಲ.

ಸಾವ್ಕಾರನನ್ನ ರಾಕ್ಷಸ ಮಾಡೋದು ಬೇಡ. ರಸ್ತೆ ಇಲ್ಲದ ಕಾಲದಲ್ಲಿ, ಬ್ಯಾಂಕು ಇಲ್ಲದ ಊರಿನಲ್ಲಿ, ನಾಳೆ ಬದುಕ್ತಾನೋ ಇಲ್ಲವೋ ಅಂತ ಗೊತ್ತಿಲ್ಲದವನಿಗೆ ಸಾಲ ಕೊಡ್ತಿದ್ದವ ಅವನೊಬ್ಬನೇ. ಆದ್ರೆ ಲೆಕ್ಕ ಹೀಗಿತ್ತು: ಅಡಿಕೆ ಬೆಳೆಗಾರನ ಹತ್ತಿರ ಇರ್ತಿದ್ದದ್ದು ಕೆಲವೇ ವಾರ, ಸಾವ್ಕಾರನ ಹತ್ತಿರ ಇರ್ತಿದ್ದದ್ದು ಹಲವು ತಿಂಗಳು. ದರ ಏರ್ತಿದ್ದದ್ದು ಆ ತಿಂಗಳುಗಳಲ್ಲಿ. ನಮ್ಮ ಬಡತನ ಕುಳಿತಿದ್ದದ್ದು ಅಲ್ಲಿ. ತೋಟದಲ್ಲಿ ಇನ್ನೂ ಒಂದು ಕ್ವಿಂಟಾಲು ಹೆಚ್ಚು ಬೆಳೆದಿದ್ದರೂ ಅದು ಅದೇ ದಾರಿ ಹಿಡೀತಿತ್ತು.

ಇದರಿಂದ ಹೊರಗೆ ಬರೋ ದಾರಿ ಸಹಕಾರಿ ಸಂಘ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಕಾಯಿದೆ ಮಾಡ್ತು. ಮಾರನೇ ವರ್ಷವೇ, 1905ರಲ್ಲಿ, ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಆದ್ರೆ ಆ ಮೊದಲಿನ ಕಾಯಿದೆ ಸಾಲ ಕೊಡೋ ಸಂಘಕ್ಕೆ ಮಾತ್ರ. ಮಾಲು ಮಾರೋ ಸಂಘಕ್ಕೆ ಅವಕಾಶ ಸಿಕ್ಕಿದ್ದು 1912ರ ಕಾಯಿದೆಯಲ್ಲಿ. ಇದು ಸಣ್ಣ ವಿಷಯ ಅಲ್ಲ. ಬರೀ ಸಾಲ ಕೊಟ್ಟರೆ ಸಾವ್ಕಾರನ ಬಡ್ಡಿ ತಪ್ಪೀತು, ಅವನ ತಕ್ಕಡಿ ತಪ್ಪೋದಿಲ್ಲ. 1920ರಲ್ಲಿ ಶಿರಸಿಯಲ್ಲಿ ಈಗ ನಾವು ಕೆ.ಡಿ.ಸಿ.ಸಿ. ಅನ್ನೋ ಜಿಲ್ಲಾ ಸಹಕಾರಿ ಬ್ಯಾಂಕು ಶುರುವಾಯ್ತು. 1923ರಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ನಮ್ಮ ಬಾಯಲ್ಲಿ ಟಿ.ಎಸ್.ಎಸ್. ಜನಸಂಖ್ಯೆ ಇಳೀತಿದ್ದ, ತೋಟ ಹಾಳುಬೀಳ್ತಿದ್ದ ಅದೇ ಹೊತ್ತಿನಲ್ಲಿ ಇವು ಹುಟ್ಟಿದ್ದು. ಮುಂದೆ ತಾಲೂಕು ತಾಲೂಕಿಗೆ ಟಿ.ಎಂ.ಎಸ್.ಗಳು, ಊರೂರಿಗೆ ಸೇವಾ ಸಹಕಾರಿ ಸಂಘಗಳು ಬಂದವು.

ಸೊಸೈಟಿ ನಿಜವಾಗಿ ಏನು ಮಾಡ್ತು? ಈಗ ನಮಗೆ ಅಭ್ಯಾಸ ಆಗಿಹೋಗಿ ಅದು ಕಾಣೋದಿಲ್ಲ, ಹಾಗಾಗಿ ಒಂದೊಂದಾಗಿ ಹೇಳ್ತೇನೆ.

ಮೊದಲನೇದು ತೂಕ. ಮೆಂಬರನ ಅಡಿಕೆ ಮೆಂಬರರದೇ ತಕ್ಕಡಿಗೆ ಬಂತು.

ಎರಡನೇದು ವಿಂಗಡಣೆ. ರಾಶಿ, ಬೆಟ್ಟೆ, ಗೊರಬಲು, ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು ಅಂತ ಬೇರೆ ಬೇರೆ ಮಾಡಿ ಇಟ್ಟರೆ ಒಳ್ಳೇ ಮಾಲಿಗೆ ಒಳ್ಳೇ ದರ. ಒಟ್ಟು ಮೂಟೆ ಕೊಟ್ಟರೆ ಕೆಟ್ಟ ಅಡಿಕೆಯ ದರವೇ ಎಲ್ಲದಕ್ಕೂ.

ಮೂರನೇದು ಟೆಂಡರು. ಯಾವ ವ್ಯಾಪಾರಿ ಎಷ್ಟಕ್ಕೆ ಕೇಳ್ತಾನೆ ಅಂತ ಚೀಟಿ ಬರೆದು ಹಾಕಬೇಕು. ಹೆಚ್ಚು ಬರೆದವನಿಗೆ ಮಾಲು. ಬಟ್ಟೆ ಅಡಿ ಬೆರಳಾಟ ಇಲ್ಲ. ದರ ಸಾಲದು ಅನ್ನಿಸಿದ್ರೆ ಕೊಡೋದಿಲ್ಲ ಅನ್ನೋ ಹಕ್ಕು ಬೆಳೆಗಾರನದು.

ನಾಲ್ಕನೇದು ವಸೂಲಿ. ವ್ಯಾಪಾರಿ ದುಡ್ಡು ಯಾವಾಗ ಕೊಡ್ತಾನೆ ಅನ್ನೋ ಚಿಂತೆ ಸೊಸೈಟಿಯದು. ನಮ್ಮ ಖಾತೆಗೆ ದುಡ್ಡು ಜಮಾ ಆಗ್ತದೆ.

ಐದನೇದೇ ಎಲ್ಲಕ್ಕಿಂತ ದೊಡ್ಡದು. ಅಡಿಕೆಯನ್ನ ಗೋಡೌನಿನಲ್ಲಿ ಇಟ್ಟು ಅದರ ಮೇಲೆ ಸಾಲ ತಗೋಬಹುದು. ಕಂದಾಯ ಕಟ್ಟಬಹುದು, ಅಕ್ಕಿ ತರಬಹುದು, ಮದುವೆ ಮಾಡಬಹುದು. ಅಡಿಕೆ ಮಾತ್ರ ನಮ್ಮದೇ ಆಗಿ ಇರ್ತದೆ.

ಈಗಿನ ದುಡ್ಡಿನಲ್ಲಿ ಒಂದು ಲೆಕ್ಕ ಹಾಕುವಾ. ಇದು ಉದಾಹರಣೆಗೆ ಅಷ್ಟೇ. ಒಬ್ಬನ ಹತ್ತಿರ ಐದು ಕ್ವಿಂಟಾಲು ರಾಶಿ ಇದೆ. ಜನವರಿಯಲ್ಲಿ ದರ 45,000. ಕೊಟ್ಟರೆ 2 ಲಕ್ಷ 25 ಸಾವಿರ. ಅವನಿಗೆ ಕೂಡ್ಲೇ ಬೇಕಾದ್ದು ಒಂದೂವರೆ ಲಕ್ಷ. ಅಡಿಕೆ ಇಟ್ಟು ಒಂದೂವರೆ ಲಕ್ಷ ಸಾಲ ತಗೊಂಡ, ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ ಅಂತ ಇಟ್ಟುಕೊಳ್ಳಿ. ಐದು ತಿಂಗಳಿಗೆ ಬಡ್ಡಿ 6,250 ಆಯ್ತು. ಜೂನಿನಲ್ಲಿ ದರ 50,000ಕ್ಕೆ ಬಂದರೆ ಸಿಗೋದು ಎರಡೂವರೆ ಲಕ್ಷ. ಬಡ್ಡಿ ಕಳೆದ ಮೇಲೂ 18,750 ಹೆಚ್ಚು. ದರ ಇಳಿದರೆ? ನಷ್ಟ ಅವನದೇ, ಅದೂ ಸತ್ಯ. ಕಾಯೋದು ಅಂದ್ರೆ ಗೆಲ್ಲೋದು ಅಂತಲ್ಲ. ಆದ್ರೆ ಕೊಡೋ ದಿನ ಯಾವುದು ಅಂತ ಅವನೇ ಹೇಳ್ತಾನೆ. ಸಾವ್ಕಾರನ ಮುಂಗಡ ತಗೊಂಡವನಿಗೆ ಆ ಮಾತೇ ಇಲ್ಲ.

ಚಾಲಿ ಮಾಡೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿದೆ. ಹಣ್ಣಡಿಕೆಯನ್ನ ಸಿಪ್ಪೆ ಸಮೇತ 40-45 ದಿನ ಬಿಸಿಲಿಗೆ ಹಾಕಬೇಕು, ಆಮೇಲೆ ಸುಲಿಯೋದು. ಅಷ್ಟು ದಿನ ಮನೆ ಖರ್ಚಿಗೆ ಬೇರೆ ದಾರಿ ಇದ್ದವನಿಗೆ ಮಾತ್ರ ಚಾಲಿ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಆಫ್ರಿಕಾದಲ್ಲಿ ಗೋಲ್ಡ್ ಕೋಸ್ಟ್ ಅಂತ ಬ್ರಿಟಿಷರ ಕೈಕೆಳಗಿನ ದೇಶ ಇತ್ತು, ಈಗಿನ ಘಾನಾ. ಅಲ್ಲಿನ ಸಣ್ಣ ರೈತರು ಕೋಕೋ ಬೆಳೀತಿದ್ದರು. ನಮ್ಮಲ್ಲೂ ಅಡಿಕೆ ನಡುವೆ ಹಾಕ್ತೇವಲ್ಲ, ಅದೇ. 1937ರಲ್ಲಿ ಯುರೋಪಿನ ಖರೀದಿ ಕಂಪನಿಗಳು ತಮ್ಮೊಳಗೇ ಒಪ್ಪಂದ ಮಾಡ್ಕೊಂಡು ಪೈಪೋಟಿ ನಿಲ್ಲಿಸಿದವು. ರೈತರು ಒಟ್ಟಾಗಿ ಕೋಕೋ ಕೊಡೋದಿಲ್ಲ ಅಂದರು. ತಿಂಗಳುಗಟ್ಟಲೆ ಹಿಡಿದರು. 1938ರ ಏಪ್ರಿಲಿನವರೆಗೆ ಆ ಹಟ ನಡೀತು. ಲಂಡನ್ನಿನಿಂದ ವಿಚಾರಣಾ ಆಯೋಗವೇ ಬರಬೇಕಾಯ್ತು.

ಮುಂದೇನಾಯ್ತು ಅನ್ನೋದೂ ಕೇಳಬೇಕಾದ್ದೇ. ಎರಡನೇ ಮಹಾಯುದ್ಧದ ಹೊತ್ತಿಗೆ ಸರ್ಕಾರವೇ ಕೋಕೋ ಕೊಳ್ಳೋಕೆ ಶುರುಮಾಡಿ, 1947ರಲ್ಲಿ ಕೋಕೋ ಮಾರಾಟ ಮಂಡಳಿ ಆಯ್ತು. ಗೋಡೌನು ಬಂತು, ಒಂದೇ ದರ ಬಂತು. ಆದ್ರೆ ಮಂಡಳಿ ರೈತರದಾಗಿರ್ಲಿಲ್ಲ, ಸರ್ಕಾರದ್ದು. ಹೊರದೇಶದ ದರ ಏರಿದಾಗ ಆ ಏರಿಕೆ ರೈತನ ಕೈಗೆ ಪೂರ್ತಿ ಬರದೆ ಮಂಡಳಿಯಲ್ಲಿ, ಆಮೇಲೆ ಸರ್ಕಾರದಲ್ಲಿ ಉಳೀತು. 1957ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಹಾಗೇ ನಡೀತು. ಕೊನೆಗೆ ರೈತರು ಗಡಿ ದಾಟಿಸಿ ಪಕ್ಕದ ದೇಶದಲ್ಲಿ ಮಾರೋ ಪರಿಸ್ಥಿತಿ ಬಂತು. ಗೋಡೌನು ಇದ್ದರೆ ಸಾಲದು, ಅದರ ಬೀಗದ ಕೈ ಯಾರ ಹತ್ತಿರ ಅನ್ನೋದು ಮುಖ್ಯ. ಗುಜರಾತಿನ ಆನಂದದಲ್ಲಿ 1946ರಲ್ಲಿ ತ್ರಿಭುವನದಾಸ್ ಪಟೇಲರು ಹಾಲಿನ ಸಂಘ ಕಟ್ಟಿದಾಗ ಬೀಗದ ಕೈ ಹಾಲು ಹಾಕೋರ ಹತ್ತಿರವೇ ಇಟ್ಟರು. ಅಮುಲ್ ಆದದ್ದು ಅಲ್ಲಿಂದ.

ನಮ್ಮಲ್ಲೂ ಎಲ್ಲ ಸಲೀಸಾಗಿ ಆಗ್ಲಿಲ್ಲ. 1930ರ ದಶಕದಲ್ಲಿ ಜಗತ್ತಿನ ತುಂಬ ಬೆಳೆಗಳ ದರ ಬಿತ್ತು. ಅದೇ ಹೊತ್ತಿಗೆ ಸಿದ್ದಾಪುರ, ಅಂಕೋಲೆಯಲ್ಲಿ ಕರನಿರಾಕರಣೆ ನಡೆದು ಎಷ್ಟೋ ಮನೆಗಳ ಜಮೀನು ಮುಟ್ಟುಗೋಲಾಯ್ತು. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಹುಟ್ಟಿತು. ಅದೇ ವರ್ಷ ಮುಂಬಯಿ ಪ್ರಾಂತದಲ್ಲಿ ಕೃಷಿ ಮಾರುಕಟ್ಟೆ ಕಾಯಿದೆ ಬಂತು. ಆಗೆಲ್ಲ ನಮ್ಮ ದೇಶಕ್ಕೆ ಮಲಯ, ಸಿಲೋನ್ ಕಡೆಯಿಂದ ಹಡಗಿನಲ್ಲಿ ಅಡಿಕೆ ಬರ್ತಿತ್ತು. ಸ್ವಾತಂತ್ರ್ಯದ ನಂತರ ಆಮದಿಗೆ ತಡೆ ಬಿದ್ದು, 1949ರಲ್ಲಿ ಕೇಂದ್ರ ಅಡಿಕೆ ಸಮಿತಿ ಆಗಿ, ತೋಟ ಹೆಚ್ಚಿತು. ಹೆಚ್ಚಿದ್ದಕ್ಕೆ 1970ರ ಸುಮಾರಿಗೆ ದರ ಕುಸೀತು. ಆ ಕುಸಿತದ ಏಟಿನಲ್ಲೇ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತಾನೇ ಖರೀದಿ ಮಾಡ್ತು. ಗಮನಿಸಿ, ನಮ್ಮ ಸಂಘಗಳೆಲ್ಲ ದರ ಚೆನ್ನಾಗಿದ್ದಾಗ ಹುಟ್ಟಿದ್ದಲ್ಲ, ಬಿದ್ದಾಗ ಹುಟ್ಟಿದ್ದು.

ಈಗ ಒಂದು ಕಹಿ ಮಾತು. ಈ ಕಾಯುವ ಶಕ್ತಿ ಬಂದದ್ದು ಯಾರಿಗೆ? ಅಡಿಕೆ ಇದ್ದವನಿಗೆ. ಗೇಣಿ ತೋಟ ಮಾಡ್ತಿದ್ದವ ಒಡೆಯನಿಗೆ ಅಳೆದು ಕೊಟ್ಟ ಮೇಲೆ ಗೋಡೌನಿಗೆ ತರೋಕೆ ಎಷ್ಟು ಉಳೀತಿತ್ತು? ಒಡೆಯನೇ ಅವನಿಗೆ ಸಾವ್ಕಾರನಾಗಿದ್ದ. ಕರಾವಳಿಯಲ್ಲಿ ದಿನಕರ ದೇಸಾಯಿಯವರು ಗೇಣಿದಾರರನ್ನ ಸಂಘಟಿಸಿ ಜಿಲ್ಲೆಯಿಂದ ಗಡೀಪಾರು ಅನುಭವಿಸಿದರು. ಪಕ್ಕದ ಸಾಗರ ಸೀಮೆಯಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯ್ತು. ಕೊನೆಗೆ ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ ಫಾರ್ಮ್ ನಂಬರ್ 7 ತುಂಬಿದವರಿಗೆ ಹಕ್ಕು ಸಿಕ್ಕಿತು. ಆಮೇಲೆ ಅವರೂ ತಮ್ಮ ಹೆಸರಿನಲ್ಲಿ ಪಹಣಿ ಹಿಡಿದು ಸೊಸೈಟಿ ಮೆಂಬರಾದರು. ಒಡೆತನ ಕಳಕೊಂಡ ಮನೆಗಳ ಬೇಸರ ನಮ್ಮ ಕಡೆ ಇನ್ನೂ ಇದೆ, ಅದು ಗೊತ್ತು. ಆದ್ರೆ ಸೊಸೈಟಿ ಈಗ ಇರೋ ಹಾಗೆ ಎಲ್ಲ ಜಾತಿಯ ಬೆಳೆಗಾರರದು ಆಗಿದ್ದು ಆ ಕಾಯಿದೆಯ ನಂತರವೇ.

ಕೂಲಿಯವರ ಕಥೆ ಬೇರೆ. ಕೊನೆ ತೆಗೆಯೋನಿಗೆ, ಸುಲಿಯೋ ಹೆಂಗಸರಿಗೆ ಇಡೋಕೆ ಅಡಿಕೆ ಇಲ್ಲ. ಯಲ್ಲಾಪುರ ಕಡೆಯ ಸಿದ್ದಿ ಜನ, ಕುಣಬಿಗಳು, ಗೌಳಿಗಳು ಕಾಡಿನಂಚಿನಲ್ಲೇ ಇದ್ದು ಪಹಣಿ ಇಲ್ಲದೆ ಉಳಿದರು. ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದೇ 2003ರಲ್ಲಿ. ಪಹಣಿ ಇಲ್ಲದವನಿಗೆ ಬೆಳೆಸಾಲ ಇಲ್ಲ, ಬೆಳೆಸಾಲ ಇಲ್ಲದವನಿಗೆ ಕಾಯುವ ಶಕ್ತಿ ಇಲ್ಲ.

ಕಾಯುವ ಶಕ್ತಿ ಇಲ್ಲದಿದ್ರೆ ಏನಾಗ್ತದೆ ಅಂತ ನಾವೇ ಕಣ್ಣಾರೆ ನೋಡಿದ್ದೇವೆ. ಉಪ್ಪಾಗೆ ನೆನಪು ಮಾಡ್ಕೊಳ್ಳಿ. 1990ರ ದಶಕದಲ್ಲಿ ಮೈ ಇಳಿಸೋ ಮಾತ್ರೆಗೆ ಅಂತ ಪರದೇಶದಲ್ಲಿ ಉಪ್ಪಾಗೆ ಸಿಪ್ಪೆಗೆ ಒಮ್ಮೆಲೇ ಬೇಡಿಕೆ ಬಂತು. ಅದುವರೆಗೆ ಸಾರಿಗೆ ಹುಳಿ, ಬೀಜದ ತುಪ್ಪ ಅಷ್ಟೇ ಆಗಿದ್ದ ಹಣ್ಣು ದುಡ್ಡಾಯ್ತು. ಕಾಡಿನ ಮರ, ಯಾರು ಮೊದಲು ಹತ್ತಿದರೆ ಅವರದು. ನಾನು ಹಣ್ಣಾಗಲಿ ಅಂತ ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ತಾನೆ. ಹಾಗಾಗಿ ಕಾಯಿ ಇರುವಾಗಲೇ ಕೊಯ್ದರು, ಕೆಲವು ಕಡೆ ಕೊಂಬೆಯನ್ನೇ ಕಡಿದರು. ಮಳೆಗಾಲದ ಬೆಳೆ, ಒಣಗಿಸೋಕೆ ಬಿಸಿಲಿಲ್ಲ, ರಾಶಿ ಕಟ್ಟಿಗೆ ಉರಿಸಿದರು. ಹೊಗೆ ಹಿಡಿದ ಸಿಪ್ಪೆಗೆ ವ್ಯಾಪಾರಿ ಹೇಳಿದ್ದೇ ದರ. ಕೆಲವೇ ವರ್ಷದಲ್ಲಿ ಬೇಡಿಕೆ ಬಿತ್ತು. ಬಡವರ ಕೈಗೆ ನಾಲ್ಕು ಕಾಸು ಬಂದದ್ದು ಹೌದು. ಆದ್ರೆ ಹಣ್ಣಾಗೋವರೆಗೆ ಕಾಯೋಕೂ ಆಗದ ವ್ಯಾಪಾರದಲ್ಲಿ ಉಳಿಕೆ ಎಲ್ಲಿಂದ ಬರ್ತದೆ?

ಆಮೇಲೆ ವೆನಿಲಾ. 2000ದ ಏಪ್ರಿಲಿನಲ್ಲಿ ಮಡಗಾಸ್ಕರಿಗೆ ದೊಡ್ಡ ಚಂಡಮಾರುತ ಬಡೀತು. ಜಗತ್ತಿನ ವೆನಿಲಾದ ದೊಡ್ಡ ಪಾಲು ಬೆಳೆಯೋ ಬಡ ದೇಶ ಅದು. ಅಲ್ಲಿನವರ ತೋಟ ಮಲಗಿದ್ದಕ್ಕೆ ಇಲ್ಲಿ ದರ ಆಕಾಶಕ್ಕೆ ಹೋಯ್ತು. 2003ರ ಹೊತ್ತಿಗೆ ನಮ್ಮ ಕಡೆ ರಾತ್ರಿ ಟಾರ್ಚು ಹಿಡಿದು ಕೋಡು ಕಾಯ್ತಿದ್ದರು. ಅವರ ತೋಟ ಮತ್ತೆ ಎದ್ದಿತು, ದೊಡ್ಡ ಕಂಪನಿಗಳು ಕೃತಕ ಪರಿಮಳಕ್ಕೆ ಹೋದವು, 2004ರ ನಂತರ ದರ ನೆಲ ಕಚ್ಚಿತು. ಅಡಿಕೆಗೆ ಇದ್ದ ಹಾಗೆ ಹಳೇ ಗಿರಾಕಿ, ಗೋಡೌನು, ಟೆಂಡರು, ಅಡವು ಸಾಲ ಯಾವುದೂ ವೆನಿಲಾಕ್ಕೆ ಬೇರೂರಿರ್ಲಿಲ್ಲ. ಇದ್ದದ್ದು ದರ ಒಂದೇ. ಅದು ಹೋದ ಕೂಡ್ಲೇ ಎಲ್ಲ ಹೋಯ್ತು.

ಈ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಅಡಿಕೆ ದರವೂ ನೂರು ಸಲ ಬಿದ್ದಿದೆ. ಆದ್ರೆ ಅದು ಬಿದ್ದಾಗ ಕುಳಿತು ಸುಧಾರಿಸ್ಕೊಳ್ಳೋಕೆ ಒಂದು ಜಾಗ ಇತ್ತು. ಶಿರಸಿಯಲ್ಲಿ ಸೂಪರ್ ಮಾರ್ಕೆಟ್ ಬಂದದ್ದು, ಕಡವೆ ಶ್ರೀಪಾದ ಹೆಗಡೆಯವರ ಹೆಸರಿನ ಆಸ್ಪತ್ರೆ ಎದ್ದದ್ದು, 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ಸಿಕ್ಕಿದ್ದು, ನಮ್ಮ ಮಕ್ಕಳು ಬೆಂಗಳೂರಿಗೆ ಓದೋಕೆ ಹೋದದ್ದು ಎಲ್ಲದರ ಬುಡದಲ್ಲೂ ಆ ಜಾಗ ಇದೆ. ಅಭಿವೃದ್ಧಿ ಅಂದ್ರೆ ನನಗೆ ಅರ್ಥ ಆದದ್ದು ಇಷ್ಟು: ತುರ್ತಿಗೆ ಸಿಕ್ಕಿದ ದರಕ್ಕೆ ಮಾರದೆ ಇರೋಕೆ ಆಗೋದು.

ಈಗ ಮೊದಲಿನ ಮಾತಿಗೆ ಬರ್ತೇನೆ. ಹಸಿ ಅಡಿಕೆ ಕೊಡಬೇಡಿ ಅಂತ ನಾನು ಹೇಳೋದಿಲ್ಲ. ಮಕ್ಕಳು ಊರಲ್ಲಿಲ್ಲದ, ಇಬ್ಬರೇ ವಯಸ್ಸಾದವರು ಇರೋ ಮನೆಯಲ್ಲಿ ಬೇಯಿಸು ಒಣಗಿಸು ಅನ್ನೋದು ನ್ಯಾಯ ಅಲ್ಲ. ಆದ್ರೆ ಕೊಡೋ ಮೊದಲು ನಾಲ್ಕು ವಿಷಯ ನೋಡ್ಕೊಳ್ಳಿ.

ಒಂದು, ಹಸಿ ಅಡಿಕೆಗೂ ಟೆಂಡರು ನಡೆಸೋ ಸಂಘ ಹತ್ತಿರ ಇದ್ರೆ ಅಲ್ಲಿನ ದರ ಕೇಳಿಕೊಂಡೇ ಮನೆ ಬಾಗಿಲಿನ ದರಕ್ಕೆ ಒಪ್ಪಿ. ಒಂದು ಫೋನಿನ ಖರ್ಚು ಅಷ್ಟೇ.

ಎರಡು, ಮುಂಗಡ ತಗೊಳ್ಳಬೇಡಿ. ಮರದ ಮೇಲಿರುವಾಗಲೇ ದುಡ್ಡು ತಗೊಂಡ್ರೆ ತೂಕ, ದರ, ದಿನ ಮೂರೂ ಅವರದು. ನೂರು ವರ್ಷ ಹಿಂದಕ್ಕೆ ಹೋದ ಹಾಗೆ. ದುಡ್ಡು ಬೇಕೇ ಬೇಕಾದ್ರೆ ಸೊಸೈಟಿಯ ಬೆಳೆಸಾಲ, ಆಸಾಮಿ ಸಾಲ ಕೇಳಿ.

ಮೂರು, ಎಲ್ಲ ಕೊಡಬೇಡಿ. ಆಗುವಷ್ಟನ್ನ, ಕಾಲು ಪಾಲಾದ್ರೂ ಆಗಲಿ, ಒಣಗಿಸಿ ಇಡಿ. ಅಟ್ಟದ ಮೇಲೆ ನಾಲ್ಕು ಮೂಟೆ ಇದ್ರೆ ವ್ಯಾಪಾರಿ ಜೊತೆ ಮಾತಾಡೋ ದನಿಯೇ ಬೇರೆ ಇರ್ತದೆ.

ನಾಲ್ಕು, ಸೊಸೈಟಿಯ ವಾರ್ಷಿಕ ಸಭೆಗೆ ಹೋಗಿ. ಊಟಕ್ಕೆ ಅಲ್ಲ. ವರದಿ ಪುಸ್ತಕ ಮೊದಲೇ ಓದಿ, ಸಾಲ ಎಷ್ಟು ಬಾಕಿ, ಯಾರಿಂದ ಬರಬೇಕು, ಗೋಡೌನಿನಲ್ಲಿ ಎಷ್ಟು ಮಾಲು ಅಂತ ಎದ್ದು ನಿಂತು ಕೇಳಿ. ಘಾನಾದ ರೈತರಿಗೆ ಕೇಳೋ ಹಕ್ಕು ಇರ್ಲಿಲ್ಲ. ನಮಗೆ ಇದೆ. ಇದ್ದೂ ಕೇಳದಿದ್ರೆ ಬೀಗದ ಕೈ ಕಳಕೊಂಡ ಹಾಗೇ.

ಇನ್ನೊಂದು ಮಾತು. ಎಲೆಚುಕ್ಕೆ ರೋಗ, ಹಳದಿ ರೋಗ, ಬಯಲುಸೀಮೆಯಲ್ಲಿ ದಿನಾ ಏರ್ತಿರೋ ಹೊಸ ತೋಟ, ಆರೋಗ್ಯದ ಬಗ್ಗೆ ಅಡಿಕೆಯ ಮೇಲಿರೋ ಆಕ್ಷೇಪ, ಎಲ್ಲ ನೋಡಿದ್ರೆ ಒಂದೇ ಬೆಳೆ ನಂಬ್ಕೊಂಡು ಇನ್ನೂ ನೂರು ವರ್ಷ ಹೋಗೋದು ಕಷ್ಟ. ಜೇನು, ಮುರುಗಲು, ಹಲಸು, ಕಾಳುಮೆಣಸು, ಜಾಯಿಕಾಯಿ ಅಂತ ಎಲ್ಲರೂ ಹೇಳ್ತಾರೆ. ಹಾಕುವಾ. ಆದ್ರೆ ಹಾಕೋ ಮೊದಲು ದರ ಎಷ್ಟು ಅಂತ ಕೇಳೋ ಬದಲು ಇದನ್ನ ಎಷ್ಟು ತಿಂಗಳು ಇಡಬಹುದು, ಎಲ್ಲಿ ಇಡಬೇಕು, ಇಟ್ಟದ್ದರ ಮೇಲೆ ಸಾಲ ಯಾರು ಕೊಡ್ತಾರೆ ಅಂತ ಕೇಳುವಾ. ಮತ್ತೆ ಆ ಗೋಡೌನಿನಲ್ಲಿ ಕೂಲಿಯವರಿಗೆ, ಕಾಡಿನಂಚಿನವರಿಗೂ ಒಂದು ಮೂಟೆಯ ಜಾಗ ಇರೋ ಹಾಗೆ ಈ ಸಲವಾದ್ರೂ ನೋಡಿಕೊಳ್ಳುವಾ.

ನಿಮ್ಮ ಮನೆ ಅಟ್ಟದಲ್ಲಿ ಹಳೇ ಅಡಿಕೆ ಪಟ್ಟಿ, ಸಾವ್ಕಾರರ ಲೆಕ್ಕದ ಕಡತ, ಸೊಸೈಟಿಯ ಹಳೇ ಪಾಸ್‌ಬುಕ್ ಇದ್ರೆ ಫೋಟೋ ತೆಗೆದು ಇಲ್ಲಿ ಹಾಕಿ. ಒರಲೆ ತಿನ್ನೋ ಮೊದಲು ನಾವು ಓದುವಾ.